ಮೇಲಿನ ಮನೆಯ ಸದ್ದು ಕೆಳಮನೆಗೆ ಇಳಿಯದಂತೆ ತಡೆಯಬಹುದೇ?

ಪ್ರಶ್ನೆ: ನಾವು ಬೆಂಗಳೂರಿನ ನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟೊಂದರ ಎರಡನೇ ಮಹಡಿಯಲ್ಲಿದ್ದೇವೆ. ಕಳೆದ ವರ್ಷ ನಮ್ಮ ಮೇಲಿನ ಮನೆಗೆ ಇಬ್ಬರು ಚಿಕ್ಕ ಮಕ್ಕಳಿರುವ ಕುಟುಂಬ ಬಂದಿತು. ಅಂದಿನಿಂದ ಬೆಳಗಿನ ಐದೂವರೆಗೆ ಮಿಕ್ಸಿ, ಹಗಲೆಲ್ಲ ಕುರ್ಚಿಗಳ ಎಳೆದಾಟ, ರಾತ್ರಿ ಹನ್ನೊಂದರವರೆಗೂ ಧಡಧಡ ಓಡಾಟ. ನಡುರಾತ್ರಿ ಗೋಲಿ ಉರುಳಿದಂಥ ಸದ್ದೂ ಬರುತ್ತದೆ. ಅದನ್ನು ವಿಚಾರಿಸಿದರೆ, ಆ ಹೊತ್ತಿಗೆ ತಾವೆಲ್ಲ ಮಲಗಿರುತ್ತೇವೆ ಎನ್ನುತ್ತಾರೆ. ನಮ್ಮ ಅತ್ತೆಯವರಿಗೆ 82 ವರ್ಷ, ನಿದ್ದೆಯಿಲ್ಲದೆ ಬಳಲಿದ್ದಾರೆ. ಅಸೋಸಿಯೇಷನ್‌ನವರು ಮೊಬೈಲ್‌ನಲ್ಲಿ ಅಳೆದು, 40 ಡೆಸಿಬೆಲ್ ಕೂಡ ಇಲ್ಲವೆಂದು ಹೇಳಿ ಹೋದರು. ಮಲಗುವ ಕೋಣೆಗೆ ಜಿಪ್ಸಮ್ ಫಾಲ್ಸ್ ಸೀಲಿಂಗ್ ಹಾಕಿ ಒಳಗೆ ಥರ್ಮೋಕೋಲ್ ತುಂಬಿದರೆ ಸದ್ದು ಪೂರ್ತಿ ನಿಲ್ಲುತ್ತದೆ ಎಂದು ಇಂಟೀರಿಯರ್ ಕೆಲಸದವರು ಹೇಳುತ್ತಿದ್ದಾರೆ. ಮಾಡಿಸಬಹುದೇ? ಕಾನೂನಿನಲ್ಲಿ ಏನಾದರೂ ದಾರಿಯಿದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಆತಂಕಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಅತ್ತೆಯವರ ನಿದ್ದೆ ಒಂದು, ಮೇಲಿನ ಮನೆಯವರೊಂದಿಗೆ ಹದಗೆಡುತ್ತಿರುವ ಸಂಬಂಧ ಇನ್ನೊಂದು, ಸೀಲಿಂಗ್‌ಗೆ ಹಾಕುವ ಹಣ ನೀರುಪಾಲಾದೀತೇ ಎಂಬ ಅನುಮಾನ ಮತ್ತೊಂದು. ಕೊನೆಯದು ತುರ್ತಿನದಾದ್ದರಿಂದ ಅದಕ್ಕೆ ಮೊದಲು ಉತ್ತರಿಸುತ್ತೇನೆ: ಆ ಕೆಲಸಕ್ಕೆ ಈಗಲೇ ಮುಂಗಡ ಕೊಡಬೇಡಿ. ಅವರು ವಿವರಿಸಿರುವ ರೀತಿಯ ಸೀಲಿಂಗ್ ಮೇಲಿನವರ ಮಾತಿನ ಸದ್ದನ್ನು ತುಸು ತಗ್ಗಿಸೀತು. ಆದರೆ ನಿಮ್ಮನ್ನು ಕಾಡುತ್ತಿರುವುದು ಮಾತಲ್ಲ, ಹೆಜ್ಜೆಯ ಧಡಧಡ. ಅದನ್ನು ಈ ಸೀಲಿಂಗ್ ತಡೆಯುವುದಿಲ್ಲ, ಕೆಲವು ಸಂದರ್ಭಗಳಲ್ಲಿ ಹೆಚ್ಚಿಸುವುದೂ ಉಂಟು. ಹೀಗೇಕೆ ಎಂಬುದು ತಿಳಿದರೆ ಮುಂದಿನ ಆಯ್ಕೆಗಳೆಲ್ಲ ನಿಮಗೇ ಸ್ಪಷ್ಟವಾಗುತ್ತವೆ.

ಒಂದು ಮನೆಯಿಂದ ಇನ್ನೊಂದಕ್ಕೆ ಸದ್ದು ಎರಡು ಬಗೆಯಲ್ಲಿ ದಾಟುತ್ತದೆ. ಮಾತು, ಟಿವಿ, ಹಾಡು ಮೊದಲು ಗಾಳಿಯನ್ನು ಅಲುಗಿಸುತ್ತವೆ, ಆ ಗಾಳಿ ಸ್ಲ್ಯಾಬನ್ನು ಅಲುಗಿಸಬೇಕು, ಆಮೇಲೆ ಸ್ಲ್ಯಾಬ್ ನಿಮ್ಮ ಕೋಣೆಯ ಗಾಳಿಯನ್ನು ಅಲುಗಿಸಬೇಕು. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಸಾಮಾನ್ಯವಾಗಿರುವ 125ರಿಂದ 150 ಮಿಲಿಮೀಟರ್ ದಪ್ಪದ ಆರ್‌ಸಿಸಿ ಸ್ಲ್ಯಾಬ್ ಒಂದು ಚದರ ಮೀಟರಿಗೆ 300 ಕೆ.ಜಿ.ಗಿಂತ ಹೆಚ್ಚು ತೂಗುತ್ತದೆ. ಇಷ್ಟು ಭಾರವನ್ನು ಅಲುಗಿಸುವ ಶಕ್ತಿ ಗಾಳಿಗೆ ಇಲ್ಲದ ಕಾರಣ, ಸ್ಲ್ಯಾಬ್ ದಾಟಿ ಬರುವಷ್ಟರಲ್ಲಿ ಮಾತು ಸುಮಾರು 50 ಡೆಸಿಬೆಲ್‌ನಷ್ಟು ಕುಗ್ಗುತ್ತದೆ. ಮೇಲಿನವರು ಏನು ಮಾತನಾಡುತ್ತಾರೆ ಎಂಬುದು ನಿಮಗೆ ಕೇಳಿಸದಿರಲು ಇದೇ ಕಾರಣ. ಹಾಗೊಂದು ವೇಳೆ ಕೇಳಿಸಿದರೆ ಅದು ಸ್ಲ್ಯಾಬಿನ ಮೂಲಕವಲ್ಲದೆ ತೆರೆದ ಕಿಟಕಿಯಿಂದಲೋ ಬಚ್ಚಲುಮನೆಯ ಡಕ್ಟಿನಿಂದಲೋ ಬಂದಿರುವ ಸಾಧ್ಯತೆಯೇ ಹೆಚ್ಚು.

ಹಿಮ್ಮಡಿ, ಕುರ್ಚಿಯ ಕಾಲು, ಕೆಳಗೆ ಬಿದ್ದ ಲಟ್ಟಣಿಗೆ, ಇವುಗಳ ವಿಷಯ ಬೇರೆ. ಇವು ಗಾಳಿಯ ಹಂಗಿಲ್ಲದೆ ನೇರವಾಗಿ ಸ್ಲ್ಯಾಬನ್ನೇ ಬಡಿಯುತ್ತವೆ. ಮಾತನ್ನು ತಡೆಯುವ ಆ ಕಾಂಕ್ರೀಟೇ ಬಡಿತದ ವಿಷಯಕ್ಕೆ ಬಂದಾಗ ಒಳ್ಳೆಯ ವಾಹಕವಾಗಿಬಿಡುತ್ತದೆ, ಏಕೆಂದರೆ ಅದು ಗಡಸು, ಮತ್ತು ಬಿದ್ದ ಪೆಟ್ಟಿನ ಶಕ್ತಿಯನ್ನು ತನ್ನೊಳಗೆ ಬಹಳ ಕಡಿಮೆ ಹೀರಿಕೊಳ್ಳುತ್ತದೆ. ಕಾಂಕ್ರೀಟಿನಲ್ಲಿ ಕಂಪನವು ಸೆಕೆಂಡಿಗೆ ಸುಮಾರು ಮೂರೂವರೆ ಕಿಲೋಮೀಟರ್ ವೇಗದಲ್ಲಿ, ಎಂದರೆ ಗಾಳಿಯಲ್ಲಿ ಸದ್ದು ಹೋಗುವ ವೇಗದ ಹತ್ತು ಪಟ್ಟು ವೇಗದಲ್ಲಿ ಹರಡುತ್ತದೆ. ಸ್ಲ್ಯಾಬಿನಿಂದ ಬೀಮಿಗೆ, ಬೀಮಿನಿಂದ ಪಿಲ್ಲರಿಗೆ, ಪಿಲ್ಲರಿನಿಂದ ಗೋಡೆಗೆ ಅದು ಇಳಿಯುತ್ತದೆ. ಇತ್ತೀಚೆಗೆ ಅಲ್ಯೂಮಿನಿಯಂ ಫಾರ್ಮ್‌ವರ್ಕ್ (ಕಾಂಕ್ರೀಟ್ ಹೊಯ್ಯುವ ಅಚ್ಚು) ಬಳಸಿ, ನಮ್ಮಲ್ಲಿ ಮೈವಾನ್ ಎಂದೇ ಕರೆಯುವ ವಿಧಾನದಲ್ಲಿ, ಗೋಡೆ ಮತ್ತು ಸ್ಲ್ಯಾಬನ್ನು ಒಟ್ಟಿಗೇ ಎರಕ ಹೊಯ್ದ ಕಟ್ಟಡಗಳಲ್ಲಿ ಕಂಪನಕ್ಕೆ ಎಲ್ಲಿಯೂ ತಡೆ ಸಿಗದೆ, ಎರಡು ಮಹಡಿ ಆಚೆಯ ಡ್ರಿಲ್ಲಿಂಗ್ ಕೂಡ ಪಕ್ಕದ ಕೋಣೆಯಲ್ಲೇ ನಡೆಯುತ್ತಿರುವಂತೆ ಕೇಳಿಸುತ್ತದೆ.

ಹಾಗಾದರೆ ಸ್ಲ್ಯಾಬ್ ದಪ್ಪವಾಗಿದ್ದರೆ ಸಾಕಿತ್ತೇ ಎಂದು ಹಲವರು ಕೇಳುತ್ತಾರೆ. ದಪ್ಪದಿಂದ ಪ್ರಯೋಜನ ಇದೆ, ಆದರೆ ಅಂದುಕೊಂಡಷ್ಟಿಲ್ಲ. ತೂಕ ಎರಡರಷ್ಟಾದರೆ ಗಾಳಿಯ ಮೂಲಕ ಬರುವ ಸದ್ದು ಐದಾರು ಡೆಸಿಬೆಲ್ ಕಡಿಮೆಯಾಗುತ್ತದೆ, ನಮ್ಮ ಕಿವಿಗೆ ಸದ್ದು ಅರ್ಧಕ್ಕಿಳಿಯಿತು ಎನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಇಳಿಯಬೇಕು. ದಕ್ಷಿಣ ಕೊರಿಯಾದಲ್ಲಿ ಬಹುಮಹಡಿ ವಸತಿ ಕಟ್ಟಡಗಳಿಗೆ 210 ಮಿಲಿಮೀಟರ್ ದಪ್ಪದ ಸ್ಲ್ಯಾಬನ್ನು ಕಡ್ಡಾಯ ಮಾಡಿದ ಮೇಲೂ ಮಹಡಿಗಳ ನಡುವಿನ ಸದ್ದಿನ ಜಗಳಗಳು ನಿಲ್ಲಲಿಲ್ಲ. ಕಟ್ಟಡ ಮುಗಿದ ಮೇಲೆ ಹೆಜ್ಜೆಸದ್ದನ್ನು ಅಳೆದು ನೋಡಬೇಕೆಂಬ ನಿಯಮವನ್ನು ಅಲ್ಲಿ 2022ರಲ್ಲಿ ತರಬೇಕಾಯಿತು. ನಮ್ಮ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿಯೂ ಶಬ್ದ ನಿರೋಧಕ್ಕೆ ಮೀಸಲಾದ ವಿಭಾಗವೊಂದಿದೆ. ಆದರೆ ಮನೆಯನ್ನು ಒಪ್ಪಿಸುವ ಮೊದಲು ಈ ಸದ್ದನ್ನು ಅಳೆದು ತೋರಿಸುವ ರೂಢಿ ನಮ್ಮಲ್ಲಿ ಬೆಳೆದಿಲ್ಲ. ಮನೆ ಕೊಳ್ಳುವವರು ಟೈಲ್ಸ್ ಯಾವ ಕಂಪನಿಯದು ಎಂದು ಕೇಳುತ್ತಾರೆ, ಟೈಲ್ಸ್ ಕೆಳಗೆ ಏನಿದೆ ಎಂದು ಕೇಳುವುದಿಲ್ಲ. ಆದ್ದರಿಂದ ಬಿಲ್ಡರುಗಳೂ ಸ್ಲ್ಯಾಬಿನ ಮೇಲೆ ನೇರವಾಗಿ ಸಿಮೆಂಟ್ ಗಾರೆ ಹಾಸಿ ಅದರ ಮೇಲೆ ವಿಟ್ರಿಫೈಡ್ ಟೈಲ್ಸ್ ಕೂರಿಸುತ್ತಾರೆ. ಹಿಮ್ಮಡಿಯಿಂದ ನಿಮ್ಮ ಸೂರಿನವರೆಗೆ ಇರುವುದೆಲ್ಲ ಗಡಸೇ, ನಡುವೆ ಮೆತ್ತನೆಯ ಪದರ ಒಂದೂ ಇಲ್ಲ.

ಇನ್ನು ಮೊಬೈಲಿನ ಲೆಕ್ಕಕ್ಕೆ ಬರೋಣ. ಅಸೋಸಿಯೇಷನ್‌ನವರು ಸುಳ್ಳು ಹೇಳಿಲ್ಲ, ಆದರೆ ಅವರು ಅಳೆದದ್ದು ನಿಮ್ಮ ತೊಂದರೆಯನ್ನಲ್ಲ. ಬರಿಗಾಲಿನ ಹಿಮ್ಮಡಿ ನೆಲಕ್ಕೆ ಊರಿದಾಗ ಹುಟ್ಟುವ ಶಕ್ತಿಯ ಬಹುಪಾಲು 100 ಹರ್ಟ್ಜ್‌ಗಿಂತ (ಹರ್ಟ್ಜ್ ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ) ಕೆಳಗಿನ ಮಂದ್ರ ಸ್ವರಗಳಲ್ಲಿರುತ್ತದೆ. ಸಾಮಾನ್ಯ ಮೀಟರುಗಳು ಮತ್ತು ಆ್ಯಪ್‌ಗಳು ತೋರಿಸುವ ‘ಡಿಬಿಎ’ ಎಂಬ ಮಾಪನವು ಮನುಷ್ಯನ ಕಿವಿ ಮಂದ್ರ ಸ್ವರಗಳನ್ನು ಕಡಿಮೆ ಗ್ರಹಿಸುತ್ತದೆ ಎಂಬ ಕಾರಣಕ್ಕೆ ಅವುಗಳನ್ನು ಕಳೆದು ಲೆಕ್ಕ ಹಾಕುತ್ತದೆ. 63 ಹರ್ಟ್ಜ್‌ನಲ್ಲಿ ಈ ಕಡಿತವೇ 26 ಡೆಸಿಬೆಲ್. ಎಂದರೆ ಆ ಸ್ವರದಲ್ಲಿ ನಿಜವಾಗಿ 60 ಡೆಸಿಬೆಲ್ ಇರುವ ಬಡಿತ ಮೀಟರಿನಲ್ಲಿ 34 ಎಂದು ಕಾಣುತ್ತದೆ. ಅದರ ಮೇಲೆ ಮೊಬೈಲಿನ ಮೈಕ್ ಮಾತನ್ನು ಹಿಡಿಯಲೆಂದು ರೂಪಿಸಿದ್ದು, ಮಂದ್ರವನ್ನು ಇನ್ನೂ ಕಡಿಮೆ ಹಿಡಿಯುತ್ತದೆ. ಇಡೀ ಬಡಾವಣೆ ನಿಶ್ಶಬ್ದವಾಗಿರುವ ರಾತ್ರಿಯಲ್ಲಿ ಎದೆಗೆ ತಾಗುವಂತೆ ಬೀಳುವ ಒಂದೊಂದು ಪೆಟ್ಟು ಹೀಗೆ ಲೆಕ್ಕದಿಂದಲೇ ಬಿದ್ದುಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಕೊಟ್ಟ ಸಲಹೆಯಲ್ಲಿ ಮಲಗುವ ಕೋಣೆಗೆ ಸರಾಸರಿ 30 ಡೆಸಿಬೆಲ್ ಎಂಬ ಮಿತಿಯ ಜೊತೆಗೆ, ಒಂಟಿ ಸದ್ದುಗಳು 45 ಮೀರಬಾರದೆಂಬ ಮಾತನ್ನು ಪ್ರತ್ಯೇಕವಾಗಿ ಸೇರಿಸಿರುವುದು ಸುಮ್ಮನೆ ಅಲ್ಲ. ನಿದ್ದೆಯನ್ನು ಕೆಡಿಸುವುದು ಸರಾಸರಿಯಲ್ಲ, ಇದ್ದಕ್ಕಿದ್ದಂತೆ ಬೀಳುವ ಪೆಟ್ಟು. ನಿಮ್ಮ ಅತ್ತೆಯವರು ಅತಿಯಾಗಿ ಹೇಳುತ್ತಿದ್ದಾರೆ ಎಂದು ಯಾರಾದರೂ ಅಂದಿದ್ದರೆ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಗೋಲಿಯ ಸದ್ದಿನ ವಿಷಯದಲ್ಲಿ ನಾನು ಮೇಲಿನ ಮನೆಯವರನ್ನು ನಂಬುತ್ತೇನೆ. ಮಕ್ಕಳಿಲ್ಲದ ಮನೆಯ ಕೆಳಗಿರುವವರೂ, ಕಡೆಗೆ ಬೀಗ ಹಾಕಿದ ಮನೆಯ ಕೆಳಗಿರುವವರೂ ಇದೇ ದೂರನ್ನು ಹೇಳಿದ್ದಾರೆ. ಬಹಳಷ್ಟು ಸಲ ಇದರ ಮೂಲ ನೀರಿನ ಪೈಪು. ಒತ್ತಡದಲ್ಲಿ ಹರಿಯುತ್ತಿರುವ ನೀರನ್ನು ನಲ್ಲಿಯೋ ವಾಲ್ವೋ ಥಟ್ಟನೆ ನಿಲ್ಲಿಸಿದಾಗ ಆ ವೇಗವೆಲ್ಲ ಪೆಟ್ಟಾಗಿ ಮಾರ್ಪಟ್ಟು ಪೈಪನ್ನು ಒದೆಯುತ್ತದೆ. ಕ್ಲ್ಯಾಂಪು ಸಡಿಲವಿದ್ದರೆ ಪೈಪು ಗೋಡೆಗೆ ಹಲವು ಬಾರಿ ಬಡಿದು, ಒಂದು ಟಕ್ ಎಂಬ ಸದ್ದಿನ ಹಿಂದೆ ಕಿರಿದಾಗುತ್ತ ಹೋಗುವ ಟಕಟಕ ಕೇಳುತ್ತದೆ. ಪ್ರೆಶರ್ ಪಂಪ್ ಇರುವ ಕಟ್ಟಡಗಳಲ್ಲಿ, ಒಂದೇ ಹಿಡಿಯ ಆಧುನಿಕ ನಲ್ಲಿಗಳಿರುವ ಮನೆಗಳಲ್ಲಿ ಇದು ಹೆಚ್ಚು. ರಾತ್ರಿ ಸಂಪಿನಿಂದ ಓವರ್‌ಹೆಡ್ ಟ್ಯಾಂಕಿಗೆ ನೀರೇರಿಸುವ ಮೋಟಾರು ತಾನಾಗಿ ನಿಂತಾಗಲೂ, ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವ್ ಬಡಿದುಕೊಂಡು ಇಂಥ ಸದ್ದು ಬರುತ್ತದೆ. ಗೋಲಿ ಉರುಳಿದ ಸಮಯವನ್ನು ಒಂದು ವಾರ ಬರೆದಿಡಿ, ವಾಚ್‌ಮನ್‌ರಿಂದ ಮೋಟಾರಿನ ಸಮಯ ಕೇಳಿ ತಾಳೆ ನೋಡಿ. ಹೊಂದಿದರೆ ಕೆಲಸ ಅಸೋಸಿಯೇಷನ್ನಿನದು: ಮೋಟಾರಿನ ಕೆಳಗೆ ರಬ್ಬರ್ ಮೌಂಟ್, ಪೈಪಿಗೆ ರಬ್ಬರ್ ಒಳಪದರದ ಕ್ಲ್ಯಾಂಪು, ಒತ್ತಡ ಇಳಿಸುವ ವಾಲ್ವ್. ಇದರಲ್ಲಿ ಮೇಲಿನ ಮನೆಯವರ ಪಾತ್ರವೇ ಇಲ್ಲ.

ಈ ಬರೆದಿಡುವ ಅಭ್ಯಾಸವನ್ನು ಎಲ್ಲ ಸದ್ದುಗಳಿಗೂ ವಿಸ್ತರಿಸಿ ಎಂದು ಕೇಳಿಕೊಳ್ಳುತ್ತೇನೆ. ದಿನ, ಹೊತ್ತು, ಯಾವ ಕೋಣೆ, ಎಂಥ ಸದ್ದು ಎಂಬ ನಾಲ್ಕು ಅಂಶ ಸಾಕು. ಕಂಪನವು ಪಿಲ್ಲರಿನಲ್ಲಿ ಇಳಿದು ಬರುವುದರಿಂದ ನೆತ್ತಿಯ ಮೇಲೆ ಕೇಳುವ ಸದ್ದು ಓರೆಯಾಗಿ ಮೇಲಿರುವ ಮನೆಯದೋ, ಒಮ್ಮೊಮ್ಮೆ ಕೆಳಗಿನ ಮನೆಯದೋ ಆಗಿರುತ್ತದೆ. ಮೂಲ ಖಚಿತವಾಗುವ ಮೊದಲು ಮಾಡಿದ ದೂರು ತಪ್ಪಾಗಿದ್ದರೆ, ಮುಂದೆ ಸರಿಯಾದ ದೂರಿಗೂ ಬೆಲೆ ಇರುವುದಿಲ್ಲ.

ಈಗ ಪರಿಹಾರಗಳು. ಬಡಿತದ ಸದ್ದನ್ನು ಅದು ಕಾಂಕ್ರೀಟಿಗೆ ಇಳಿಯುವ ಮೊದಲೇ, ಮೇಲಿನ ಮನೆಯ ನೆಲದ ಮೇಲೆಯೇ ಹಿಡಿಯಬೇಕು. ಒಮ್ಮೆ ಕಾಂಕ್ರೀಟಿಗೆ ಇಳಿದ ಮೇಲೆ ಅದು ಸೂರಿನಿಂದ ಮಾತ್ರವಲ್ಲದೆ ನಾಲ್ಕೂ ಗೋಡೆಗಳಿಂದ ನಿಮ್ಮ ಕೋಣೆಗೆ ಬರುತ್ತದೆ. ಮೇಲೆ ನೂರಾರು ರೂಪಾಯಿಗಳಲ್ಲಿ ಮುಗಿಯುವ ಕೆಲಸಕ್ಕೆ ಕೆಳಗೆ ಹಲವು ಸಾವಿರ ಸುರಿದರೂ ಅರ್ಧ ಫಲವೇ ಸಿಗುವುದು ಇದೇ ಕಾರಣಕ್ಕೆ. ತೊಂದರೆ ಅನುಭವಿಸುವವರು ಒಬ್ಬರು, ಪರಿಹಾರ ಇರುವುದು ಇನ್ನೊಬ್ಬರ ಮನೆಯಲ್ಲಿ. ಈ ಸಮಸ್ಯೆಯ ನಿಜವಾದ ಕಷ್ಟ ಅದು.

ಕುರ್ಚಿಯಿಂದ ಆರಂಭಿಸಿ, ಏಕೆಂದರೆ ಅದು ಅತ್ಯಂತ ಸುಲಭ ಮತ್ತು ಫಲ ಅಂದೇ ಕೇಳಿಸುತ್ತದೆ. ಎಳೆದಾಟದ ಸದ್ದು ಮೇಲ್ಸ್ವರದ್ದು, ಮೂರ್ನಾಲ್ಕು ಮಿಲಿಮೀಟರಿನ ಮೆತ್ತನೆ ಪದರಕ್ಕೂ ಬಗ್ಗುತ್ತದೆ. ಅಂಟಿಸುವ ಫೆಲ್ಟ್ ಬಿಲ್ಲೆಗಳನ್ನು ಎಲ್ಲರೂ ಹೇಳುತ್ತಾರೆ, ಆದರೆ ನಮ್ಮ ಮನೆಗಳಲ್ಲಿ ಪ್ರತಿದಿನ ನೆಲ ಒದ್ದೆ ಮಾಡಿ ಒರೆಸುವುದರಿಂದ ಅವುಗಳ ಅಂಟು ಕೆಲವೇ ವಾರಗಳಲ್ಲಿ ಬಿಡುತ್ತದೆ, ಅಥವಾ ಕೂದಲು, ಮರಳು ಸಿಕ್ಕಿಕೊಂಡು ಅವೇ ಗೀರತೊಡಗುತ್ತವೆ. ಕಾಲಿಗೆ ಬಿಗಿಯಾಗಿ ತೊಡಿಸುವ ರಬ್ಬರ್ ಅಥವಾ ಸಿಲಿಕೋನ್ ಬುಷ್, ಮರದ ಕುರ್ಚಿಯಾದರೆ ತಿರುಪಿನಿಂದ ಕೂರಿಸುವ ಫೆಲ್ಟ್ ಹೆಚ್ಚು ಬಾಳುತ್ತದೆ. ಮೋಡಾ, ಸ್ಟೀಲ್ ಸ್ಟೂಲು, ಊಟದ ಮೇಜು, ಅಡುಗೆಮನೆಯ ಸಿಲಿಂಡರ್ ಟ್ರಾಲಿ, ಬಾಗಿಲಿನ ಹಿಂದಿನ ಸ್ಟಾಪರ್, ಇವನ್ನೂ ಮರೆಯಬಾರದು.

ಮಕ್ಕಳ ಓಟ ಕಷ್ಟದ ವಿಷಯ. ಪುಟ್ಟ ಮಕ್ಕಳು ತೂಕಕ್ಕೆ ಹಗುರವಾದರೂ ಹಿಮ್ಮಡಿಯನ್ನು ಗಡುಸಾಗಿ ಊರಿ ಓಡುತ್ತಾರೆ, ಹಾಗಾಗಿ ಅವರ ಓಟ ದೊಡ್ಡವರ ನಡಿಗೆಗಿಂತ ಜೋರಾಗಿ ಕೇಳುತ್ತದೆ. ಜಮಖಾನ ಹಾಸಿದರೆ ಪಾತ್ರೆ ಬಿದ್ದ ಸದ್ದು, ಆಟಿಕೆಯ ಸದ್ದು ಕಡಿಮೆಯಾಗುತ್ತದೆ. ಆದರೆ ಹಿಮ್ಮಡಿಯ ಮಂದ್ರ ಪೆಟ್ಟಿಗೆ ಆ ತೆಳು ನೇಯ್ಗೆ ಸಾಲದು. ಪೆಟ್ಟನ್ನು ಹೀರಲು ಪದರವು ಕಾಲ ಕೆಳಗೆ ಕುಗ್ಗಬೇಕು, ಕುಗ್ಗಲು ದಪ್ಪ ಬೇಕು. ಜಮಖಾನದ ಕೆಳಗೆ 8ರಿಂದ 10 ಮಿಲಿಮೀಟರ್ ದಪ್ಪದ ರಬ್ಬರ್ ಹಾಸು ಹಾಕುವುದು ಒಂದು ದಾರಿ. ಮಕ್ಕಳು ಓಡುವ ಹಾದಿಯಲ್ಲಿ, ಸಾಮಾನ್ಯವಾಗಿ ಹಾಲಿನಿಂದ ಮಲಗುವ ಕೋಣೆಗೆ ಹೋಗುವ ಓಣಿಯಲ್ಲಿ, 20 ಮಿಲಿಮೀಟರ್ ಅಥವಾ ಹೆಚ್ಚು ದಪ್ಪದ ಆಟದ ಮ್ಯಾಟ್ ಹಾಸುವುದು ಇನ್ನೊಂದು. ಇಡೀ ಮನೆಗೆ ಬೇಕಿಲ್ಲ, ನಿಮ್ಮ ಅತ್ತೆಯವರ ಕೋಣೆಯ ಮೇಲ್ಭಾಗ ಮತ್ತು ಆ ಓಣಿ ಸಾಕು. ಮನೆಯೊಳಗೆ ಮೆತ್ತನೆ ಅಟ್ಟೆಯ ಚಪ್ಪಲಿ ಹಾಕುವುದು ದಪ್ಪ ಮ್ಯಾಟಿನ ಕೆಲಸದ ಒಂದಂಶವನ್ನು ಮಾಡುತ್ತದೆ. ಮನೆಯೊಳಗೆ ಚಪ್ಪಲಿ ಮೆಟ್ಟದಿರುವುದು ಹಲವರಿಗೆ ಆಚಾರದ ವಿಷಯ, ಅಂಥ ಮನೆಗೆ ದಪ್ಪ ಕಾಲುಚೀಲವೂ ಆದೀತು. ಇಷ್ಟೆಲ್ಲ ಮಾಡಿದ ಮೇಲೂ ಓಟದ ಸದ್ದು ಪೂರ್ತಿ ಹೋಗುವುದಿಲ್ಲ. ಬೆಚ್ಚಿಬೀಳಿಸುತ್ತಿದ್ದದ್ದು ಮಂದವಾಗಿ ದೂರದಲ್ಲಿ ಕೇಳುವ ಮಟ್ಟಕ್ಕೆ ಬರುತ್ತದೆ, ಅಷ್ಟೆ.

ಮಿಕ್ಸಿಯ ಕಂಪನ ಹಾದುಹೋಗುವ ದಾರಿ ವಿಶಿಷ್ಟ. ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಒಂದು ಅಂಚನ್ನು ಗೋಡೆಯೊಳಗೇ ಕೂರಿಸಿರುತ್ತಾರೆ. ಆದ್ದರಿಂದ ಕಟ್ಟೆಯ ಮೇಲಿನ ಮಿಕ್ಸಿ, ಏಲಕ್ಕಿ ಜಜ್ಜುವ ಕುಟ್ಟಾಣಿ, ಕಟ್ಟೆಯ ಅಂಚಿಗೆ ಬಡಿದು ಒಡೆಯುವ ತೆಂಗಿನಕಾಯಿ, ಇವೆಲ್ಲ ನೇರ ಗೋಡೆಗೇ ಬಡಿದಂತೆ. ಮಿಕ್ಸಿಯನ್ನು ಗೋಡೆಗೆ ತಾಗದಂತೆ ಸರಿಸಿ, 15 ಮಿಲಿಮೀಟರ್ ದಪ್ಪದ ರಬ್ಬರ್ ತುಂಡಿನ ಮೇಲಿಟ್ಟರೆ ಗಣನೀಯ ವ್ಯತ್ಯಾಸವಾಗುತ್ತದೆ. ಕುಟ್ಟಾಣಿಗೆ ನಾಲ್ಕು ಮಡಿಕೆಯ ಗೋಣಿತಾಟೂ ಸಾಕು. ವಾಷಿಂಗ್ ಮಷಿನ್ನಿಗೆ ಮೊದಲು ನಾಲ್ಕೂ ಕಾಲು ಸಮಮಟ್ಟದಲ್ಲಿವೆಯೇ ನೋಡಬೇಕು, ಆಮೇಲೆ ರಬ್ಬರ್ ಪ್ಯಾಡ್. ತೀರ ಮೆತ್ತನೆಯ ಸ್ಪಂಜು ಹಾಕಿದರೆ ಬಟ್ಟೆ ಹಿಂಡುವಾಗ ಯಂತ್ರ ಇನ್ನೂ ಹೆಚ್ಚು ಅಲುಗುತ್ತದೆ. ಟ್ರೆಡ್‌ಮಿಲ್, ಸೂರಿನ ಕೊಂಡಿಗೆ ತೂಗುಹಾಕಿದ ಉಯ್ಯಾಲೆ, ಭರತನಾಟ್ಯದ ಅಭ್ಯಾಸ, ಈ ಮೂರು ನಿಮ್ಮ ಪತ್ರದಲ್ಲಿಲ್ಲ, ಆದರೂ ಇದನ್ನು ಓದುವ ಬೇರೆಯವರಿಗಾಗಿ ಹೇಳುತ್ತೇನೆ: ಸ್ಲ್ಯಾಬಿನ ನಡುಭಾಗ ಹೆಚ್ಚು ಬಾಗುತ್ತದೆ, ಬೀಮಿನ ಹತ್ತಿರ ಕಡಿಮೆ. ಟ್ರೆಡ್‌ಮಿಲ್ಲನ್ನು ಕೋಣೆಯ ಮಧ್ಯದಿಂದ ಬೀಮಿನ ಕಡೆಗೆ ಸರಿಸಿ, ದಪ್ಪ ರಬ್ಬರಿನ ಮೇಲೆ ಪ್ಲೈವುಡ್ ಹಾಸಿ ಅದರ ಮೇಲಿಡಬೇಕು. ನಾಟ್ಯದ ತಟ್ಟಡವನ್ನು ಮ್ಯಾಟಿನಿಂದ ಅಡಗಿಸಹೊರಟರೆ ಕಲಿಯುವವರಿಗೂ ನ್ಯಾಯವಾಗದು, ಕೆಳಗಿನವರಿಗೂ ಆಗದು. ಅದಕ್ಕೆ ನೆಲಮಹಡಿಯ ಸಭಾಂಗಣವೇ ಸರಿ.

ಮೇಲಿನವರು ಬಾಡಿಗೆಗಿರದೆ ಮನೆಯ ಮಾಲೀಕರೇ ಆಗಿದ್ದು ಮುಂದೆ ನೆಲ ಬದಲಿಸುವ ಯೋಚನೆ ಅವರಿಗಿದ್ದರೆ, ಅದು ನಿಮಗೆ ಸಿಗುವ ದೊಡ್ಡ ಅವಕಾಶ. ಹಳೆಯ ಟೈಲ್ಸ್ ಮತ್ತು ಗಾರೆಯನ್ನು ತೆಗೆದು, ಸ್ಲ್ಯಾಬಿನ ಮೇಲೆ 5ರಿಂದ 10 ಮಿಲಿಮೀಟರ್ ದಪ್ಪದ ರಬ್ಬರ್ ಅಥವಾ ಫೋಮ್ ಪದರ ಹಾಸಿ, ಅದರ ಮೇಲೆ ಕಾಂಕ್ರೀಟ್ ಹಾಸು, ಆಮೇಲೆ ಟೈಲ್ಸ್ ಹಾಕುವುದು ಈ ಸಮಸ್ಯೆಗೆ ಇರುವ ಅತ್ಯುತ್ತಮ ಉತ್ತರ. ಈ ಕೆಲಸದ ಜೀವ ಅಂಚಿನಲ್ಲಿದೆ. ಮೆತ್ತನೆ ಪದರವನ್ನು ಗೋಡೆಯ ಬದಿಯಲ್ಲಿ ಮೇಲಕ್ಕೆ ಮಡಚಿ, ಹೊಸ ನೆಲ ಗೋಡೆಗೂ ಸ್ಕರ್ಟಿಂಗಿಗೂ ತಾಗದಂತೆ ಬಿಡಬೇಕು. ಒಂದೇ ಕಡೆ ಗಾರೆ ಸೋರಿ ಸ್ಲ್ಯಾಬಿಗೆ ಅಂಟಿಕೊಂಡರೂ ಕಂಪನ ಅಲ್ಲಿಂದ ಇಳಿದು ಉಳಿದ ಶ್ರಮವೆಲ್ಲ ಹಾಳಾಗುತ್ತದೆ, ನಮ್ಮ ಕೆಲಸಗಾರರು ಅಭ್ಯಾಸಬಲದಿಂದ ಆ ಅಂಚನ್ನು ಸಿಮೆಂಟಿನಿಂದ ತುಂಬಿಯೇ ಬಿಡುತ್ತಾರೆ. ಅಪಾಯವೂ ಇದೆ. ಮನೆಗಳ ಕೋಣೆಗಳಿಗೆ ಭಾರತೀಯ ಮಾನಕದಲ್ಲಿ ಲೆಕ್ಕ ಹಿಡಿಯುವ ಬಳಕೆಯ ಭಾರ ಚದರ ಮೀಟರಿಗೆ ಸುಮಾರು 200 ಕೆ.ಜಿ. 50 ಮಿಲಿಮೀಟರ್ ಕಾಂಕ್ರೀಟ್ ಹಾಸೊಂದೇ 110 ಕೆ.ಜಿ.ಗಿಂತ ಹೆಚ್ಚು ತೂಗುತ್ತದೆ. ಹಳೆಯದನ್ನು ತೆಗೆಯದೆ ಅದರ ಮೇಲೆಯೇ ಹೊಸದನ್ನು ಹೇರುವುದನ್ನು ಸ್ಟ್ರಕ್ಚರಲ್ ಎಂಜಿನಿಯರ್ ಒಪ್ಪಿಗೆಯಿಲ್ಲದೆ ಎಂದಿಗೂ ಮಾಡಬಾರದು. ಇಷ್ಟು ದೊಡ್ಡ ಕೆಲಸ ಬೇಡವೆಂದರೆ, ಈಗಿರುವ ಟೈಲ್ಸ್ ಮೇಲೆ ಒಳ್ಳೆಯ ಅಡಿಹಾಸಿನೊಂದಿಗೆ ಲ್ಯಾಮಿನೇಟ್ ನೆಲ ಹಾಕಿಸಬಹುದು. ಹಗುರ, ಬೇಗ ಮುಗಿಯುತ್ತದೆ, ಬಾಗಿಲುಗಳ ಅಡಿಯನ್ನು ಸ್ವಲ್ಪ ಕೊಯ್ಯಬೇಕಾಗುತ್ತದೆ. ಆದರೆ ಅದರ ಫಲ ಮೇಲ್ಸ್ವರಗಳಿಗೆ ಸೀಮಿತ. ನೀರು ನಿಂತರೆ ಉಬ್ಬುತ್ತದೆ ಎಂಬುದೂ ನೆನಪಿರಲಿ.

ಇದಾವುದೂ ಸಾಧ್ಯವಾಗದಿದ್ದರೆ ಮಾತ್ರ ನಿಮ್ಮ ಸೂರಿನ ಕಡೆ ಬರೋಣ. ಮೊದಲು ತಪ್ಪು ತಿಳಿವಳಿಕೆಗಳನ್ನು ಬದಿಗಿಡಬೇಕು. ಮೊಟ್ಟೆಯ ಟ್ರೇ, ಗೋಡೆಗೆ ಅಂಟಿಸುವ ಸ್ಟುಡಿಯೋ ಫೋಮ್, ಥರ್ಮೋಕೋಲ್, ಈ ಮೂರಕ್ಕೂ ತೂಕವೇ ಇಲ್ಲ, ಆದ್ದರಿಂದ ಸದ್ದು ದಾಟುವುದನ್ನು ತಡೆಯುವ ಶಕ್ತಿಯೂ ಇಲ್ಲ. ಫೋಮ್ ಕೋಣೆಯೊಳಗಿನ ಮಾರ್ದನಿಯನ್ನು ಕುಗ್ಗಿಸುತ್ತದೆ, ಅದು ರೆಕಾರ್ಡಿಂಗ್ ಮಾಡುವವರಿಗೆ ಬೇಕಾದ ಗುಣ. ಜೊತೆಗೆ ಫೋಮ್ ಮತ್ತು ಥರ್ಮೋಕೋಲ್ ಬೆಂಕಿ ತಗುಲಿದರೆ ಬೇಗ ಹರಡಿ ವಿಷದ ಹೊಗೆ ಉಗುಳುತ್ತವೆ. ದೀಪ ಹಚ್ಚುವ ಮನೆಯಲ್ಲಿ, ವೈರಿಂಗ್ ಹಾದುಹೋಗುವ ಸೀಲಿಂಗಿನೊಳಗೆ ಅವುಗಳನ್ನು ತುಂಬುವುದು ಅಪಾಯಕಾರಿ.

ಜಿಪ್ಸಮ್ ಹಲಗೆ ಮತ್ತು ಅದರ ಮೇಲಿನ ಗಾಳಿಯ ಪದರ ಸೇರಿ ತಮಟೆಯ ಚರ್ಮದಂತೆ ತಮ್ಮದೇ ಆದ ಒಂದು ಸ್ವರದಲ್ಲಿ ಮಿಡಿಯುತ್ತವೆ. ಆ ಸ್ವರದ ಸದ್ದು ಬಂದರೆ ಸೀಲಿಂಗ್ ಅದನ್ನು ತಡೆಯುವ ಬದಲು ಹಿಗ್ಗಿಸುತ್ತದೆ. 12.5 ಮಿಲಿಮೀಟರಿನ ಒಂದೇ ಹಲಗೆ, 100 ಮಿಲಿಮೀಟರ್ ಅಂತರ ಎಂದಿಟ್ಟುಕೊಂಡರೆ ಆ ಸ್ವರ 60 ಹರ್ಟ್ಜ್ ಆಸುಪಾಸಿಗೆ ಬರುತ್ತದೆ, ಹಿಮ್ಮಡಿಯ ಪೆಟ್ಟು ಇರುವುದೂ ಅಲ್ಲಿಯೇ. ಮಾಮೂಲಿ ಫಾಲ್ಸ್ ಸೀಲಿಂಗ್ ಹಾಕಿಸಿದ ಮೇಲೆ ಧಡಧಡ ಇನ್ನೂ ಗುಮ್ಮೆನ್ನುತ್ತಿದೆ ಎಂದು ಹೇಳುವವರ ಅನುಭವ ಭ್ರಮೆಯಲ್ಲ. ಎರಡು ಹಲಗೆಗಳನ್ನು ಜೋಡಿಸಿ ಅಂತರವನ್ನು 200 ಮಿಲಿಮೀಟರಿಗೆ ಏರಿಸಿದರೆ ಆ ಸ್ವರ 30 ಹರ್ಟ್ಜ್ ಹತ್ತಿರಕ್ಕೆ ಇಳಿದು, ಅದಕ್ಕಿಂತ ಸಾಕಷ್ಟು ಮೇಲಿನ ಸ್ವರಗಳಲ್ಲಿ ತಡೆ ಕೆಲಸಮಾಡುತ್ತದೆ. ಅಂತರದಲ್ಲಿ 50 ಮಿಲಿಮೀಟರಿನ ರಾಕ್‌ವುಲ್ (ಕಲ್ಲನ್ನು ಕರಗಿಸಿ ಮಾಡಿದ ನಾರಿನ ಹಾಸು) ಹಾಸಬೇಕು, ಅದು ಉರಿಯುವುದಿಲ್ಲ. ಚೌಕಟ್ಟನ್ನು ತೂಗುವ ತಂತಿ ಅಥವಾ ಪಟ್ಟಿ ಸ್ಲ್ಯಾಬಿಗೆ ನೇರ ಬಿಗಿಯದೆ ರಬ್ಬರ್ ಅಥವಾ ಸ್ಪ್ರಿಂಗ್ ಇರುವ ಹ್ಯಾಂಗರಿನಲ್ಲಿ ನಿಲ್ಲಬೇಕು, ಅಂಚುಗಳು ಗೋಡೆಗೆ ತಾಗದೆ ನಡುವೆ ಸಂದು ಮುಚ್ಚುವ ಮೆತ್ತನೆ ಸೀಲಂಟ್ ಇರಬೇಕು. ಫ್ಯಾನು ಸ್ಲ್ಯಾಬಿನ ಕೊಕ್ಕೆಯಿಂದಲೇ ತೂಗಬೇಕು, ಅದರ ರಾಡು ಸೀಲಿಂಗಿಗೆ ತಾಗಬಾರದು. ಸೀಲಿಂಗಿನಲ್ಲಿ ಲೈಟಿಗೆಂದು ಸಾಲು ತೂತು ಕೊರೆದರೆ ಪ್ರತಿ ತೂತೂ ಸೋರಿಕೆ, ಗೋಡೆಯ ಮೇಲಿನ ಲೈಟೇ ಲೇಸು. ಹೀಗೆ ಮಾಡಿಸಿದ ಸೀಲಿಂಗ್ ಮಧ್ಯಮ ಸ್ವರಗಳನ್ನು 10 ಡೆಸಿಬೆಲ್‌ನಷ್ಟು ತಗ್ಗಿಸಬಲ್ಲದು, ಮಂದ್ರದಲ್ಲಿ ಫಲ ಅದಕ್ಕಿಂತ ಕಡಿಮೆ, ಗೋಡೆಗಳಿಂದ ಬರುವ ಪಾಲು ಹಾಗೆಯೇ ಉಳಿಯುತ್ತದೆ. ಪ್ರತಿಯಾಗಿ ನೀವು ಕೋಣೆಯ ಎತ್ತರದಲ್ಲಿ ಸುಮಾರು ಒಂದು ಅಡಿ ಕಳೆದುಕೊಳ್ಳುತ್ತೀರಿ, ಫ್ಯಾನಿನ ರೆಕ್ಕೆ ಕೆಳಗಿಳಿಯುತ್ತದೆ, ಮೇಲಿನ ಬಚ್ಚಲು ಸೋರಿದರೆ ಬಹಳ ತಡವಾಗಿ ತಿಳಿಯುತ್ತದೆ.

ಖರ್ಚಿಲ್ಲದ ಒಂದೆರಡು ಉಪಾಯಗಳನ್ನು ಇಂದೇ ಮಾಡಬಹುದು. ಅತ್ತೆಯವರ ಮಂಚದ ತಲೆಯ ಭಾಗ ಪಿಲ್ಲರ್ ಇರುವ ಗೋಡೆಗೆ ತಾಗಿದ್ದರೆ ಒಂದು ಅಡಿ ಈಚೆ ಎಳೆಯಿರಿ. ಮೇಲಿನವರ ಹಾಲಿನ ಕೆಳಗೆ ಬಾರದ ಕೋಣೆ ಇದ್ದರೆ ಅವರನ್ನು ಅಲ್ಲಿಗೆ ಮಲಗಿಸಿ ನೋಡಿ. ಫ್ಯಾನಿನ ಒಂದೇ ಸಮನೆಯ ಸದ್ದು ಸಣ್ಣಪುಟ್ಟ ಪೆಟ್ಟುಗಳನ್ನು ಮುಚ್ಚುತ್ತದೆ. ಕಿವಿಗೆ ಇಡುವ ಪ್ಲಗ್ ಮಂದ್ರ ಪೆಟ್ಟಿಗೆ ಅಷ್ಟಾಗಿ ಉಪಯೋಗವಿಲ್ಲ. ಈ ವಯಸ್ಸಿನಲ್ಲಿ ರಾತ್ರಿ ಕರೆದರೆ ಕೇಳಿಸಬೇಕಾದ್ದರಿಂದ ಅದನ್ನು ನಾನು ಸೂಚಿಸುವುದೂ ಇಲ್ಲ.

ಕಾನೂನಿನ ಬಗ್ಗೆ ಕೇಳಿದ್ದೀರಿ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿಗೆ 55, ರಾತ್ರಿಗೆ 45 ಡೆಸಿಬೆಲ್ ಮಿತಿಯಿದೆ, ರಾತ್ರಿ ಎಂದರೆ ಹತ್ತರಿಂದ ಬೆಳಗಿನ ಆರು. ಧ್ವನಿವರ್ಧಕ, ಜನರೇಟರ್, ಮಧ್ಯರಾತ್ರಿಯ ಸಂಗೀತ, ಕಟ್ಟಡ ಕಾಮಗಾರಿ, ಇಂಥವಕ್ಕೆ ಇದು ನೆರವಾಗುತ್ತದೆ. ಮಕ್ಕಳ ಓಟಕ್ಕೂ ಮಿಕ್ಸಿಗೂ ಪೊಲೀಸರನ್ನು ಕರೆದು ಪರಿಹಾರ ಪಡೆದವರನ್ನು ನಾನು ಕಂಡಿಲ್ಲ. ಮೀಟರಿನ ಅಂಕಿಯೂ ಮೇಲೆ ಹೇಳಿದ ಕಾರಣಕ್ಕೆ ನಿಮ್ಮ ಪರ ನಿಲ್ಲುವುದಿಲ್ಲ. ಹೆಚ್ಚು ಉಪಯುಕ್ತವಾದದ್ದು ನಿಮ್ಮ ಅಸೋಸಿಯೇಷನ್ನಿನ ಬೈಲಾ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಮಿಕ್ಸಿ, ವಾಷಿಂಗ್ ಮಷಿನ್, ಡ್ರಿಲ್ಲಿಂಗ್ ಬೇಡ, ನೆಲ ಬದಲಿಸುವವರು ಮೆತ್ತನೆ ಪದರ ಹಾಸಬೇಕು ಎಂಬ ಎರಡು ಸಾಲನ್ನು ವಾರ್ಷಿಕ ಸಭೆಯಲ್ಲಿ ಎಲ್ಲ ಮನೆಗಳಿಗೂ ಅನ್ವಯಿಸುವಂತೆ ಸೇರಿಸಿದರೆ, ಅದು ಒಬ್ಬರ ಮೇಲಿನ ದೂರಾಗಿ ಉಳಿಯುವುದಿಲ್ಲ.

ಮೇಲಿನ ಮನೆಯವರೊಂದಿಗೆ ಮಾತನಾಡುವಾಗ, ಬಿಡುವಿನ ಒಂದು ದಿನ ಗಂಡ ಹೆಂಡತಿ ಇಬ್ಬರಲ್ಲಿ ಒಬ್ಬರನ್ನು ಕಾಫಿಗೆ ಕೆಳಗೆ ಕರೆಯಿರಿ. ಇನ್ನೊಬ್ಬರು ಮೇಲೆ ಮಾಮೂಲಿಯಾಗಿ ನಡೆದು, ಒಂದು ಕುರ್ಚಿ ಎಳೆದು, ಮಿಕ್ಸಿ ಹಾಕಲಿ. ತಮ್ಮ ಮನೆಯಲ್ಲಿ ಸದ್ದೆಂದೇ ಅನ್ನಿಸದ್ದು ಕೆಳಗೆ ಹೇಗೆ ಕೇಳುತ್ತದೆ ಎಂಬುದು ಬಹುತೇಕರಿಗೆ ಗೊತ್ತೇ ಇರುವುದಿಲ್ಲ. ಒಮ್ಮೆ ಸ್ವತಃ ಕೇಳಿದವರು ವಾದ ಮಾಡಿದ್ದನ್ನು ನಾನು ಅಪರೂಪಕ್ಕೆ ಮಾತ್ರ ನೋಡಿದ್ದೇನೆ. ಗೋಲಿಯ ಸದ್ದು ಅವರದಲ್ಲ ಎಂಬುದು ಅಷ್ಟರಲ್ಲಿ ಖಚಿತವಾಗಿದ್ದರೆ ಅದನ್ನು ಮೊದಲು ನೀವೇ ಹೇಳಿ. ಆಮೇಲೆ ‘ಮಕ್ಕಳನ್ನು ಸುಮ್ಮನಿರಿಸಿ’ ಎನ್ನದೆ, ಇಂತಿಂಥ ಜಾಗಕ್ಕೆ ಮ್ಯಾಟು, ಕುರ್ಚಿಗಳಿಗೆ ಬುಷ್, ಮಿಕ್ಸಿ ಆರರ ನಂತರ ಎಂದು ನಿರ್ದಿಷ್ಟವಾಗಿ ಕೇಳಿ. ಮ್ಯಾಟಿನ ಖರ್ಚಿನಲ್ಲಿ ಪಾಲು ಕೊಡಲು ನೀವು ಮುಂದಾದರೂ ತಪ್ಪಿಲ್ಲ, ಸೀಲಿಂಗಿಗೆ ಹೋಲಿಸಿದರೆ ಅದು ಬಹಳ ಚಿಕ್ಕ ಮೊತ್ತ.

ಇದಾದ ಮೇಲೆ ಒಂದು ತಿಂಗಳು ನಿಮ್ಮ ಬರಹದ ಪಟ್ಟಿಯನ್ನು ಮುಂದುವರಿಸಿ, ಅತ್ತೆಯವರು ರಾತ್ರಿ ಎಷ್ಟು ಸಲ ಎಚ್ಚರಗೊಂಡರು ಎಂಬುದನ್ನೂ ಸೇರಿಸಿ. ಆಗಲೂ ಸಾಲದೆನಿಸಿದರೆ ಅವರೊಬ್ಬರ ಕೋಣೆಗೆ ಮಾತ್ರ, ಮೇಲೆ ವಿವರಿಸಿದ ರೀತಿಯ ಸೀಲಿಂಗ್ ಮಾಡಿಸಿ. ಹಲಗೆಯ ಪದರಗಳ ಸಂಖ್ಯೆ, ಅಂತರ, ಹ್ಯಾಂಗರಿನ ಬಗೆ, ಅಂಚಿನ ಸೀಲಂಟ್ ಎಂಬ ನಾಲ್ಕನ್ನೂ ಕೊಟೇಶನ್ನಿನಲ್ಲಿ ಬರೆಸಿಕೊಳ್ಳಿ. ‘ಸದ್ದು ಪೂರ್ತಿ ನಿಲ್ಲುತ್ತದೆ’ ಎಂದು ಬಾಯಿಮಾತಿನಲ್ಲಿ ಹೇಳಿ ಈ ನಾಲ್ಕನ್ನು ಬರೆದುಕೊಡಲು ಹಿಂಜರಿಯುವವರಿಗೆ ಕೆಲಸ ಕೊಡಬೇಡಿ.